ಸುಬ್ಬನ ಮಾವಿನಮಿಡಿ ಮಾರ್ಟಿನಿ

ಮಾವಿನಕುರ್ವೆಯ ಸುಬ್ಬ ಅಂಬಿಗನ ಪ್ರಕಾರ ಈ ಲೋಕದಲ್ಲಿ ಕುಡಿಯಲು ಬಲ್ಲವರು ಇಬ್ಬರೇ. ಒಬ್ಬ, ಮುಂಬೈಯ ಕ್ಲಬ್ಬೊಂದರಲ್ಲಿ ಮೂಲೆಯ ಕುರ್ಚಿ ಹಿಡಿದು ಕೂರುತ್ತಿದ್ದ ಪಾರ್ಸಿ ವಕೀಲ; ಅವನು ಸತ್ತು ಹದಿನಾರು ವರ್ಷವಾಯಿತು. ಇನ್ನೊಬ್ಬ ಸ್ವತಃ ಸುಬ್ಬ. ಉಳಿದವರೆಲ್ಲ ಬರೀ ಗಂಟಲಿಗೆ ಸುರಿದುಕೊಳ್ಳುವವರು. ವಿಸ್ಕಿಗೆ ಕೋಲಾ ಬೆರೆಸುವವರು, ಬಿಯರಿಗೆ ಐಸ್ ಹಾಕುವವರು, ಬ್ರಾಂದಿ ಕುಡಿದು ಮುಖ ಕಿವಿಚಿ ಉಪ್ಪಿನಕಾಯಿ ನೆಕ್ಕುವವರು, ಇವರನ್ನೆಲ್ಲ ಅವನು ಮನುಷ್ಯರ ಪಟ್ಟಿಯಲ್ಲೇ ಸೇರಿಸುತ್ತಿರಲಿಲ್ಲ.

ಸೇರಿಸದೆ ಸುಮ್ಮನಿದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಶರಾವತಿಯಲ್ಲಿ ಪ್ರವಾಸಿಗರನ್ನು ದೋಣಿಯಲ್ಲಿ ಕೂರಿಸಿಕೊಂಡು ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡು ತೋರಿಸುವುದೇ ಈಗ ಅವನ ಹೊಟ್ಟೆಪಾಡು. ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಬಂದವರ ಚೀಲದಿಂದ ಒಂದು ಬಾಟಲಿ ಇಣುಕಿತೋ, ಸುಬ್ಬ ಇಂಜಿನ್ ನಿಲ್ಲಿಸಿ ಶುರು ಮಾಡುತ್ತಿದ್ದ. "ಇದು ಎಂತ ಕುಡಿತ ಮಾರಾಯ್ರೆ? ನಮ್ಮನೆ ಎಮ್ಮೆನೂ ಅಕ್ಕಚ್ಚಿಗೆ ಬಾಯಿ ಹಾಕೂಕೆ ಮುಂಚೆ ಒಂದ್ಸಲ ಮೂಸಿ ನೋಡ್ತದೆ." ಬಂದವರು ನಗುತ್ತಿದ್ದರು. ಕೆಲವರು ಮೊಬೈಲ್ ಎತ್ತಿ ವಿಡಿಯೋ ಮಾಡಿಕೊಳ್ಳುತ್ತಿದ್ದರು. ಬೈದರೆ ಬೈಸಿಕೊಳ್ಳುವ ಯೋಗ್ಯತೆಯೂ ಇಲ್ಲದ ಜನ ಎಂದು ಅವನಿಗೆ ಇನ್ನೂ ಸಿಟ್ಟು ಬರುತ್ತಿತ್ತು.

ಅಪ್ಪ ಕಡವಿನಲ್ಲಿ ದೋಣಿ ನಡೆಸುತ್ತಿದ್ದವ. ಆ ಹುಟ್ಟು ತನ್ನ ಕೈಗೆ ಬರಬಾರದೆಂದು ಸುಬ್ಬ ಹದಿನೆಂಟನೇ ವಯಸ್ಸಿಗೆ ಮುಂಬೈ ಬಸ್ಸು ಹತ್ತಿದ. ಕುಮಟೆಯವರೊಬ್ಬರ ವಶೀಲಿಯಿಂದ ಕ್ಲಬ್ಬಿನಲ್ಲಿ ಲೋಟ ತೊಳೆಯುವ ಕೆಲಸ ಸಿಕ್ಕಿತು. ಏಳೆಂಟು ವರ್ಷ ಲೋಟ ತೊಳೆದು, ಆಮೇಲೆ ಬಿಳಿ ಅಂಗಿ ತೊಟ್ಟು ಕೌಂಟರಿನ ಹಿಂದೆ ನಿಂತವ ಇಪ್ಪತ್ತಾರು ವರ್ಷ ಅಲ್ಲಿಂದ ಕದಲಲಿಲ್ಲ. ಮಾರ್ಟಿನಿ ಮಾಡುವುದನ್ನು ಕಲಿಸಿದ್ದು ಆ ಪಾರ್ಸಿ ವಕೀಲ. ಜಿನ್ನಿಗೆ ವರ್ಮುತ್ ಎಂಬ ಒಗರು ವೈನನ್ನು ಒಂದಿಷ್ಟೇ ಇಷ್ಟು ಸೇರಿಸಿ, ಐಸಿನ ಮೇಲೆ ಹೊಯ್ದು, ಉದ್ದ ಚಮಚದಲ್ಲಿ ಸದ್ದಾಗದಂತೆ ಕಲಕಿ, ಸೋಸಿ, ಉದ್ದ ಕಾಲಿನ ಲೋಟಕ್ಕೆ ಇಳಿಸಿ, ಉಪ್ಪುನೀರಲ್ಲಿ ನೆನೆದ ಒಂದು ಆಲಿವ್ ಕಾಯಿ ಹಾಕುವುದು. ಅಷ್ಟೇ. ಆ ಅಷ್ಟರಲ್ಲೇ ಎಲ್ಲ ಇದೆ ಎಂದು ವಕೀಲ ಹೇಳುತ್ತಿದ್ದ.

ಸುಬ್ಬನ ಮೂಗು ನಿಜಕ್ಕೂ ಚುರುಕಾಗಿತ್ತು. ಕಣ್ಣು ಮುಚ್ಚಿ ಮೂಸಿದರೆ ಯಾವ ಕಂಪನಿಯ ಜಿನ್ನು, ಬಾಟಲಿಯ ಮುಚ್ಚಳ ತೆಗೆದು ಎಷ್ಟು ದಿನವಾಯಿತು ಎಂದು ಹೇಳುತ್ತಿದ್ದ. "ಸುಬ್ಬಾ, ನಿನ್ನ ಮೂಗಿಗೆ ವಿಮೆ ಮಾಡಿಸು," ಎಂದು ವಕೀಲ ಒಮ್ಮೆ ಎಲ್ಲರೆದುರು ಅಂದಿದ್ದ. ಆ ಒಂದು ಮಾತನ್ನು ಸುಬ್ಬ ಊರಿಗೆ ಬಂದ ಮೇಲೂ ಜನರಿಗೆ ಕೇಳಿಸಿ ಕೇಳಿಸಿ ಬೇಸರ ಬರಿಸಿದ್ದ.

ಕೊರೋನಾ ಬಂದ ವರ್ಷ ಕ್ಲಬ್ಬಿನ ಬಾಗಿಲು ಮುಚ್ಚಿತು. ಸುಬ್ಬ ಊರಿಗೆ ಬಂದ. ಮರುವರ್ಷ ಜ್ವರ ಅವನನ್ನೂ ಹಿಡಿಯಿತು, ಹದಿನೈದು ದಿನ ಮಲಗಿಸಿತು, ಬಿಟ್ಟಿತು. ಬಿಡುವಾಗ ಮೂಗನ್ನು ತೆಗೆದುಕೊಂಡು ಹೋಯಿತು. ಎದ್ದ ಮೇಲೆ ಮೊದಲ ಭಾನುವಾರ ಜಿನ್ನಿನ ಬಾಟಲಿ ತೆರೆದು ಮೂಸಿದರೆ ಏನೂ ಇಲ್ಲ. ಬಾಯಿಗೆ ಹಾಕಿಕೊಂಡರೆ ಬರೀ ಉರಿ. ನಾಳೆ ಬರುತ್ತದೆ, ಬರುವ ತಿಂಗಳು ಬರುತ್ತದೆ ಎಂದು ಕಾದ. ಬರಲಿಲ್ಲ. ನಾಲಿಗೆಗೆ ಉಪ್ಪು ತಿಳಿಯುತ್ತಿತ್ತು, ಹುಳಿ ತಿಳಿಯುತ್ತಿತ್ತು, ಉಳಿದದ್ದು ಕತ್ತಲೆ. ಇದನ್ನು ಅವನು ಒಬ್ಬರ ಹತ್ತಿರವೂ ಹೇಳಲಿಲ್ಲ. ಇಡೀ ಊರಿಗೆ ನಾಲಿಗೆ ಇಲ್ಲ, ಮೂಗಿಲ್ಲ ಎಂದು ಬೈದುಕೊಂಡು ಬಂದವ, ಈಗ ನನಗೂ ಇಲ್ಲ ಎಂದು ಯಾವ ಬಾಯಲ್ಲಿ ಹೇಳಬೇಕು?

ಹೇಳುವ ಬದಲು ಅವನು ಮಾರ್ಟಿನಿಯನ್ನೇ ತಿದ್ದಲು ಹೊರಟ. ಮೊದಲು ಹೋದದ್ದು ವರ್ಮುತ್. ಹೊನ್ನಾವರದ ವೈನ್ ಶಾಪಿನಲ್ಲಿ ಅದನ್ನು ಕೇಳಿದರೆ ಅಂಗಡಿಯವ ಸಿಹಿ ಪೋರ್ಟ್ ವೈನಿನ ಬಾಟಲಿ ಎತ್ತಿ ತೋರಿಸಿದ. "ಇದನ್ನ ನಿಮ್ಮನೆ ಪಾಯಸಕ್ಕೆ ಹಾಕ್ಕೊಳ್ಳಿ," ಎಂದು ಬೈದು ಬಂದ ಸುಬ್ಬ, ವರ್ಮುತ್ ಮೊದಲಿನಿಂದಲೂ ಸುಳ್ಳೇ ಎಂದು ತೀರ್ಮಾನಿಸಿದ. ಆಮೇಲೆ ಆಲಿವ್. ಅದು ಸಾಬೂನು ತಿಂದ ಹಾಗಿರುತ್ತದೆ, ದೊರೆಗಳು ತಿಂದರೆಂದು ನಾವು ತಿನ್ನಬೇಕೆ ಎಂದ. ಅದರ ಜಾಗಕ್ಕೆ ಲಿಂಬೆ ಹಿಂಡಿ ನೋಡಿ, ಇದು ಶರಬತ್ತು ಕುಡಿಯುವವರ ಚಾಳಿ ಎಂದು ಚೆಲ್ಲಿದ. ಮುರುಗಲು ಹಾಕಿದರೆ ಬಣ್ಣ ಕೆಂಪಾಗಿ ಹುಡುಗಿಯರ ಪಾನಕವಾಯಿತು. ಬಿಂಬಳಿ ಹಾಕಿದ ದಿನ ಹಲ್ಲು ಚುಳ್ಳೆಂದು ಎರಡು ದಿನ ಗಂಜಿಯೇ ಗತಿಯಾಯಿತು.

ಕೊನೆಗೆ ಸಿಕ್ಕಿದ್ದು ಅಡುಗೆಮನೆಯ ಮೂಲೆಯಲ್ಲಿದ್ದ ಭರಣಿ. ಯುಗಾದಿಯ ಹೊತ್ತಿಗೆ ಹೆಂಡತಿ ತಿಮ್ಮಕ್ಕ ಮಾವಿನ ಮಿಡಿ ತಂದು, ಕಲ್ಲುಪ್ಪಿನ ನೀರಲ್ಲಿ ಮುಳುಗಿಸಿ, ಬಾಯಿಗೆ ಬಟ್ಟೆ ಕಟ್ಟಿ ಇಡುತ್ತಿದ್ದಳು. ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯದೆ ಮೀನು ಇಲ್ಲದ ಎರಡು ತಿಂಗಳು ಗಂಜಿಗೆ ಅದೇ ನಂಜಿಕೊಳ್ಳಲು. ಒಂದು ಮಧ್ಯಾಹ್ನ ಗಂಜಿಯ ಜೊತೆ ಆ ಉಪ್ಪುನೀರು ನಾಲಿಗೆಗೆ ತಗಲಿದಾಗ ಸುಬ್ಬ ಬೆಚ್ಚಿದ. ಉಪ್ಪು ಅಲ್ಲಿತ್ತು, ಹುಳಿ ಅಲ್ಲಿತ್ತು. ಎರಡೂ ಅವನಿಗೆ ತಿಳಿಯುತ್ತಿದ್ದವು. ಅದೇ ಭಾನುವಾರ ಜಿನ್ನಿಗೆ ಎರಡು ಚಮಚ ಆ ನೀರು ಹಾಕಿ, ಐಸಿನಲ್ಲಿ ಕಲಕಿ, ಆಲಿವ್ ಬದಲು ಒಂದು ಮಿಡಿ ಬಿಟ್ಟು ಕುಡಿದ. ಸತ್ತುಹೋಗಿದ್ದ ಬಾಯಿಯಲ್ಲಿ ಏನೋ ಒಂದು ಎದ್ದು ಕುಳಿತಂತಾಯಿತು. ಅವನಿಗೆ ಅಳು ಬಂತು. ಯಾರೂ ನೋಡಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಜಗಲಿಗೆ ಬಂದು, ಮಾರ್ಟಿನಿ ಹುಟ್ಟಿದ ಮೇಲೆ ಅದನ್ನು ಸರಿಯಾಗಿ ಮಾಡಿದವ ನಾನೊಬ್ಬನೇ ಎಂದು ಪಕ್ಕದ ಮನೆಯವರಿಗೆ ಕೇಳುವಂತೆ ಸಾರಿದ.

ಅಲ್ಲಿಂದ ಪ್ರತಿ ಭಾನುವಾರ ಸಂಜೆ ಐದಕ್ಕೆ ಅದು ಒಂದು ಪೂಜೆ. ಆದರೆ ಭರಣಿ ಮುಟ್ಟುವ ಅಧಿಕಾರ ಸುಬ್ಬನಿಗಿರಲಿಲ್ಲ. ಮಿಂದು ಬಂದು, ಕೈ ಒರೆಸಿ ಒಣಗಿಸಿ, ಒಣ ಮರದ ಸೌಟಿನಲ್ಲಿ ತಿಮ್ಮಕ್ಕನೇ ತೆಗೆಯಬೇಕು. ಒಂದು ಹನಿ ಬೇರೆ ನೀರು ಬಿದ್ದರೂ ವರ್ಷದ ಭರಣಿ ಹಾಳು. ಅವಳು ಪುಟ್ಟ ಸ್ಟೀಲ್ ಲೋಟದಲ್ಲಿ ಎರಡು ಚಮಚ ತಂದು, ಭಿಕ್ಷೆ ಹಾಕುವವಳಂತೆ ಅವನ ಮುಂದೆ ಕುಕ್ಕಿ ಹೋಗುತ್ತಿದ್ದಳು. ಅವಳು ಮೂವತ್ತು ವರ್ಷದಿಂದ ಹೊನ್ನಾವರದ ಮಾರ್ಕೆಟಿನಲ್ಲಿ ಮೀನು ಮಾರುವವಳು. "ಬಂಗಡೆ ಮೂಸೋ ಮೂಗಿಗೆ ಇದೆಲ್ಲ ಎಲ್ಲಿಂದ ತಿಳೀಬೇಕು," ಎನ್ನುವುದು ಸುಬ್ಬನ ಖಾಯಂ ಮಾತು. ಅವಳು ಅಷ್ಟು ಹೊತ್ತಿಗೆ ಒಳಗೆ ಭರಣಿಯ ಬಾಯಿಗೆ ಬಟ್ಟೆ ಬಿಗಿಯುತ್ತಿರುತ್ತಿದ್ದಳು.

ಹೋದ ಡಿಸೆಂಬರಿನಲ್ಲಿ ಸುಬ್ಬನ ದೋಣಿ ಹತ್ತಿದವ ಕುಮಟೆಯ ದಿನಕರ. ಎರಡು ಲಾಜು, ಒಂದು ಮದುವೆ ಹಾಲ್ ಇಟ್ಟುಕೊಂಡವ, ಈಗ ಹೊನ್ನಾವರದ ಕಾಸರಕೋಡಿನ ಬದಿಗೆ ರೆಸಾರ್ಟ್ ಕಟ್ಟಿಸುತ್ತಿದ್ದ. ಕುತ್ತಿಗೆಗೆ ಚಿನ್ನದ ಸರ, ಮಾತಿಗೊಮ್ಮೆ ಮೂಗು ಎಳೆಯುವ ಚಟ. ಬಿಸಿಯಾದ ಬಿಯರನ್ನು ಬಾಟಲಿಯಿಂದಲೇ ಕುಡಿಯುತ್ತಿದ್ದವನಿಗೆ ಸುಬ್ಬ ಎಂದಿನಂತೆ ಬೈದು, ತನ್ನ ಮಾವಿನಮಿಡಿ ಮಾರ್ಟಿನಿಯ ಹೆಚ್ಚಳ ಹೇಳಿದ. ದಿನಕರ ಕೆರಳುವ ಬದಲು ಕುಣಿದಾಡಿದ.

"ಸುಬ್ಬಣ್ಣ, ನಿನ್ನಂಥ ಜನವೇ ನಂಗೆ ಬೇಕಾಗಿತ್ತು. ಬಾರ್ ಕೌಂಟರಿಗೆ ನಿಂತ್ಕ. ನಿಂದೇ ಮಾವಿನಮಿಡಿ ಮಾರ್ಟಿನಿ, ನಿಂದೇ ಹೆಸರು. ಬರೂ ಭಾನುವಾರ ನಿಮ್ಮನೆಗೇ ಬತ್ತೆ, ರುಚಿ ತೋರ್ಸು."

ಸುಬ್ಬನಿಗೆ ಆ ಮನುಷ್ಯನನ್ನು ಕಂಡರೆ ಅಸಹ್ಯ. ಆದರೆ ಕೌಂಟರು ಎಂಬ ಶಬ್ದ ಕೇಳಿ ಎದೆ ಹಾರಿತು. ಮತ್ತೆ ಬಿಳಿ ಅಂಗಿ, ಮತ್ತೆ ಉದ್ದ ಚಮಚ. ಅರವತ್ತರ ಹತ್ತಿರ ಬಂದವನನ್ನು "ಏ ದೋಣಿ" ಎಂದು ಚಪ್ಪಾಳೆ ತಟ್ಟಿ ಕರೆಯುವವರಿಂದ ಬಿಡುಗಡೆ. ವಾರವಿಡೀ ಅವನಿಗೆ ನಿದ್ದೆ ಹತ್ತಲಿಲ್ಲ. ಮೂಗಿನ ಸಂಗತಿ ಒಂದು ಹೊರಗೆ ಬರದಿದ್ದರೆ ಸಾಕಿತ್ತು. ಈ ದಿನಕರನಿಗೆ ಎಂತ ತಿಳಿಯುತ್ತದೆ, ಕೈ ಅಳತೆಯಲ್ಲಿ ಮಾಡಿ ಕೊಟ್ಟರೆ ಆಯಿತು ಎಂದು ತನಗೆ ತಾನೇ ಧೈರ್ಯ ಹೇಳಿಕೊಂಡ.

ಭಾನುವಾರ ದಿನಕರ ಒಬ್ಬನೇ ಬರಲಿಲ್ಲ. ಜೊತೆಗೆ ದೀಪಿಕಾ ಎಂಬ ಹುಡುಗಿ. ಕುಮಟೆಯವಳೇ, ಗೋವಾದ ಹೋಟೆಲುಗಳಲ್ಲಿ ಆರು ವರ್ಷ ಬಾರ್ ನೋಡಿಕೊಂಡವಳು, ಹೊಸ ರೆಸಾರ್ಟಿನ ಬಾರಿಗೆ ಅವಳೇ ಮ್ಯಾನೇಜರ್. "ನಮಸ್ಕಾರ ಅಂಕಲ್," ಎಂದಳು. ಅಂಕಲ್ ಎಂದವರನ್ನು ಸುಬ್ಬ ಆ ಕ್ಷಣದಿಂದಲೇ ಕೀಳಾಗಿ ಕಾಣುತ್ತಿದ್ದ. ಜೀನ್ಸ್ ಪ್ಯಾಂಟಿನ ಈ ಪೋರಿ ತನ್ನ ಪರೀಕ್ಷೆ ಮಾಡುವುದು! ಪ್ರಪಂಚ ಹಾಳಾಗುವುದಕ್ಕೂ ಒಂದು ಕ್ರಮ ಬೇಡವೇ ಎನಿಸಿತು.

"ಏ ತಿಮ್ಮಕ್ಕ, ಉಪ್ಪುನೀರು ತಾ. ಮಿಡಿನೂ ತಾ."

"ಮಿಡಿ ಮಳೆಗಾಲದಲ್ಲೇ ಮುಗೀತು ಅಂತ ಹೇಳಿದ್ದೆ. ನೀರು ಒಂದೇ," ಎಂದು ಒಳಗಿನಿಂದ ಉತ್ತರ ಬಂತು. ತಿಮ್ಮಕ್ಕ ಸ್ಟೀಲ್ ಲೋಟ ತಂದಿಟ್ಟಳು. ಎಂದಿನಂತೆ ಒಳಗೆ ಹೋಗದೆ ಬಾಗಿಲ ದಾರಂದಕ್ಕೆ ಒರಗಿ ನಿಂತಳು.

ಸುಬ್ಬ ಶುರು ಮಾಡಿದ. ಕೈಯನ್ನು ಮಾತ್ರ ಜ್ವರ ಮುಟ್ಟಿರಲಿಲ್ಲ. ಐಸಿನ ಮೇಲೆ ಜಿನ್ನು ಇಳಿದದ್ದೂ ಗೊತ್ತಾಗಲಿಲ್ಲ, ಚಮಚ ತಿರುಗಿದ ಸದ್ದೂ ಇಲ್ಲ. ಬಾಯಿಯಂತೂ ನಿಲ್ಲಲಿಲ್ಲ. ಈಗಿನವರು ಜಿನ್ನಿಗೆ ಸೌತೆಕಾಯಿ ಹಾಕುತ್ತಾರೆ, ಕರಿಬೇವು ಹಾಕುತ್ತಾರೆ, ನಾಳೆ ಸಾಸಿವೆ ಒಗ್ಗರಣೆಯನ್ನೂ ಕೊಡುತ್ತಾರೆ ಎಂದ. ಗೋವಾದಲ್ಲಿ ಕಲಿಸುವುದು ಬಾಟಲಿ ಗಾಳಿಗೆ ಹಾರಿಸುವುದನ್ನು, ಕುಡಿಸುವುದನ್ನಲ್ಲ ಎಂದ. ದೀಪಿಕಾ ಅವನ ಕೈಯನ್ನೇ ನೋಡುತ್ತ ಕೂತಿದ್ದಳು. ಮೂರು ಲೋಟ ತುಂಬಿದವು.

ದಿನಕರ ಒಂದೇ ಗುಟುಕಿಗೆ ಅರ್ಧ ಇಳಿಸಿ ಕಣ್ಣು ಮುಚ್ಚಿದ. "ಅಹಹಾ! ಸುಬ್ಬಣ್ಣ, ಮಿಡಿ ಪರಿಮಳ ಅಂದ್ರೆ ಇದು. ಸೊನೆ ವಾಸ್ನೆ ನೆತ್ತಿಗೆ ಹೋತು ನೋಡು. ನಮ್ಮಜ್ಜಿ ಮನೆ ನೆನಪಾತು."

"ಅಪ್ಪೆಮಿಡಿ ಶೇಟ್ರೆ," ಎಂದ ಸುಬ್ಬ, ತಾನೂ ಒಂದು ಗುಟುಕು ಬಾಯಲ್ಲಿ ಆಡಿಸಿ. "ಈ ವರ್ಷದ್ದು ಸ್ವಲ್ಪ ಜೋರು ಅದೆ. ಮೊದ್ಲು ಸೊನೆ ಬತ್ತದೆ, ಹಿಂದಿಂದ ಹುಳಿ."

ದೀಪಿಕಾ ಮೊದಲು ಮೂಸಿದಳು. ಒಂದು ಹನಿಯಷ್ಟು ಕುಡಿದಳು. ಮತ್ತೆ ಮೂಸಿದಳು.

"ಜಿನ್ ತುಂಬ ಚೆನ್ನಾಗಿ ಬಂದಿದೆ ಅಂಕಲ್. ನಿಮ್ಮ ಕೈ ನಮ್ಮಲ್ಲಿ ಯಾರಿಗೂ ಇಲ್ಲ. ಆದ್ರೆ ಮಾವಿನಕಾಯಿ ಎಲ್ಲಿದೆ? ಇದು ಬರೀ ಉಪ್ಪುನೀರು. ಲಿಂಬೆ ಹಿಂಡಿದ್ದಾರೆ ಅನಿಸ್ತದೆ."

ಸುಬ್ಬನ ತಲೆಗೆ ಬೆಂಕಿ ಹತ್ತಿತು. ಲಿಂಬೆ! "ಹಾಲು ಹಲ್ಲು ಉದುರಲಿಲ್ಲ, ನಂಗೆ ಹೇಳೂಕೆ ಬಂದಳು! ಇಪ್ಪತ್ತಾರು ವರ್ಷ ಜಜ್ಜುಗಳಿಗೆ, ಕಪ್ತಾನರಿಗೆ ಕುಡಿಸಿದ್ದೆ ನಾನು. ಲಿಂಬೆಗೂ ಮಿಡಿಗೂ ಫರಕು ತಿಳೀದವಳಿಗೆ ಬಾರ್ ಯಾಕೆ ಬೇಕು, ಬಸ್ ಸ್ಟ್ಯಾಂಡಲ್ಲಿ ಸೋಡಾ ಮಾರು. ಏ ತಿಮ್ಮಕ್ಕ, ಇದು ಎಂತ ನೀರು ಅಂತ ಹೇಳು ಇವಳಿಗೆ!"

ತಿಮ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಆ ಕೂಸು ಹೇಳಿದ್ದೇ ಸರಿ," ಎಂದಳು.

"ಎಂತ?"

"ಭರಣಿ ಆಷಾಢದಲ್ಲೇ ಹಾಳಾತು. ನಾ ಧಾರೇಶ್ವರಕ್ಕೆ ತವರಿಗೆ ಹೋದ ಭಾನುವಾರ ನೀವು ಅದರ ಬಾಯಿ ಬಿಚ್ಚಿ ನಿಮ್ಮ ಉದ್ದ ಚಮಚ ಹಾಕಿದ್ರಿ. ಐಸ್ ನೀರಲ್ಲಿ ಅದ್ದಿದ ಚಮಚ. ಬಂದು ನೋಡ್ತೆ, ಚಮಚ ಭರಣಿ ಮೇಲೇ ಬಿದ್ದದೆ, ಒದ್ದೆ. ಎಂಟು ದಿನಕ್ಕೆ ಬೂಸ್ಟು ಬಂತು, ಆಮೇಲೆ ಹುಳ. ಎಲ್ಲ ತೆಂಗಿನ ಬುಡಕ್ಕೆ ಹೊಯ್ದೆ. ಅಲ್ಲಿಂದ ಇವತ್ತಿನವರೆಗೂ ಉಪ್ಪು, ನೀರು, ಲಿಂಬೆ."

ಕ್ಲಬ್ಬಿನಲ್ಲಿ ಪ್ರತಿ ಸಲ ಚಮಚವನ್ನು ತಣ್ಣೀರಲ್ಲಿ ಅದ್ದಿ ತೆಗೆಯುವುದೇ ಶುದ್ಧ. ಇಪ್ಪತ್ತಾರು ವರ್ಷದ ರೂಢಿ, ಕೈ ತಾನಾಗಿ ಮಾಡಿತ್ತು. ಅದು ಭರಣಿಗೆ ವಿಷ ಎಂದು ಅವನಿಗೆ ಆ ಹೊತ್ತಿಗೆ ಹೊಳೆದಿರಲಿಲ್ಲ. ಆದರೆ ಸುಬ್ಬ ಈಗ ಲೆಕ್ಕ ಹಾಕುತ್ತಿದ್ದುದು ಆಷಾಢದಿಂದ ಇಲ್ಲಿಗೆ ಕಳೆದ ಭಾನುವಾರಗಳನ್ನು. ಇಪ್ಪತ್ತಕ್ಕೂ ಹೆಚ್ಚು. ಪ್ರತಿಯೊಂದು ಭಾನುವಾರವೂ ಜಗಲಿಯಲ್ಲಿ ಕೂತು ಅಪ್ಪೆಮಿಡಿಯ ಗುಣಗಾನ ಮಾಡಿದ್ದ. ಲಿಂಬೆ ಹಿಂಡುವವರಿಗೆ ಬೈಯುತ್ತ ಲಿಂಬೆಯನ್ನೇ ಕುಡಿದಿದ್ದ.

ದಿನಕರ ಮೂಗು ಎಳೆದು ಗಹಗಹಿಸಿ ನಕ್ಕ. "ಅಯ್ಯೋ, ಇರ್ಲಿ ಬಿಡೋ ಸುಬ್ಬಣ್ಣ! ಒಳ್ಳೇದೇ ಆತಲ್ಲ. ಪ್ರವಾಸಿಗರಿಗೆ ಎಂತ ಗೊತ್ತಾಗ್ತದೆ? ಬೋರ್ಡಿನ ಮೇಲೆ ಮಾವಿನಮಿಡಿ ಅಂತ ಬರೆಸುವ, ಒಳಗೆ ಲಿಂಬೆ ಹಿಂಡುವ. ಸೋಮವಾರದಿಂದ ಬಾ. ಅಂಗಿ ನಾ ಹೊಲಿಸ್ತೆ."

ಕೆಲಸ ಸಿಕ್ಕಿತ್ತು. ಸುಬ್ಬ ದಿನಕರನ ಮುಖ ನೋಡಿದ. ಸೊನೆ ನೆತ್ತಿಗೆ ಹೋಯಿತು ಎಂದು ಕಣ್ಣು ಮುಚ್ಚಿದ್ದ ಮುಖ. ಇಡೀ ತಾಲೂಕಿನಲ್ಲಿ ಇದಕ್ಕಿಂತ ಕೆಟ್ಟ ಬಾಯಿ ಇಲ್ಲ ಎಂದು ದೋಣಿಯಲ್ಲೇ ಅಂದುಕೊಂಡಿದ್ದ. ಆ ಬಾಯಿ ಹಾಡಿದ ರಾಗಕ್ಕೆ ತಾನು ಈಗಷ್ಟೇ ತಾಳ ಹಾಕಿದ್ದ. ಇಷ್ಟು ವರ್ಷ ಜನರ ಮೇಲೆ ಉಗುಳಿದ ತಾತ್ಸಾರವೆಲ್ಲ ತಿರುಗಿ ಬಂದು ಅವನ ಮುಖಕ್ಕೇ ಬಿತ್ತು.

"ಶೇಟ್ರೆ, ನಂಗೆ ವಾಸ್ನೆ ಬರೂದಿಲ್ಲ," ಎಂದ. "ಜ್ವರ ಬಂದಾಗ ಹೋದದ್ದು, ಮತ್ತೆ ಬರ್ಲಿಲ್ಲ."

"ಅದಕ್ಕೆಂತ? ನಂಗೂ ಬರೂದಿಲ್ಲ. ಸೈನಸ್ಸು."

"ಗೊತ್ತಾತು. ನೀವು ಲೋಟ ಎತ್ತಿದಾಗ್ಲೇ ಗೊತ್ತಾಗ್ಬೇಕಿತ್ತು, ಆಗಲಿಲ್ಲ. ನಾವಿಬ್ರೂ ಒಂದೇ ಬಾರಲ್ಲಿ ಸೇರಿದ್ರೆ ಕುಡೀಲಿಕ್ಕೆ ಬಂದವರ ಗತಿ ಎಂತ? ನಾ ಬರೂದಿಲ್ಲ." ಆಮೇಲೆ ದೀಪಿಕಾಳ ಕಡೆ ತಿರುಗಿದ. ಕ್ಷಮೆ ಕೇಳುವುದು ಅವನಿಗೆ ಅಭ್ಯಾಸವಿರಲಿಲ್ಲ. "ಸೋಡಾದ ಮಾತು ವಾಪಸ್ ತಗಂಡೆ," ಎಂದ.

ಅವರು ಹೋದರು. ದಿನಕರನ ಜೀಪಿನ ಸದ್ದು ರಸ್ತೆಯ ತಿರುವಿನಲ್ಲಿ ಮುಗಿಯಿತು. ಸುಬ್ಬ ಜಗಲಿಯಲ್ಲೇ ಕೂತಿದ್ದ. ತಿಮ್ಮಕ್ಕ ಲೋಟಗಳನ್ನು ಎತ್ತಲು ಬಂದಳು.

"ನಿಂಗೆ ಯಾವಾಗ ಗೊತ್ತಾತು?" ಎಂದು ಕೇಳಿದ.

"ಮೂಗು ಹೋದದ್ದಾ? ಮೊದಲ ತಿಂಗಳೇ. ಹಳಸಿದ ಸಾರು ಬಡಿಸಿದ್ದೆ, ತಪ್ಪಿ. ಎರಡು ಸಲ ಹಾಕಿಸ್ಕಂಡು ಉಂಡ್ರಿ."

"ಹೇಳೂಕೆ ಎಂತ ಆಗಿತ್ತು ನಿಂಗೆ?"

"ನೀವು ಎಂತ ಹೇಳ್ತಿದ್ರಿ? ಮೀನು ಮಾರೂ ಹೆಂಗ್ಸಿಗೆ ಎಂತ ತಿಳೀತದೆ ಅಂತಿದ್ರಿ. ನಂಗೆ ಅದನ್ನ ಇನ್ನೊಂದ್ಸಲ ಕೇಳೂಕೆ ಪುರುಸೊತ್ತಿರ್ಲಿಲ್ಲ." ಅವಳು ದೀಪಿಕಾ ಬಿಟ್ಟುಹೋದ ಲೋಟ ಎತ್ತಿ, ಬೆಳಕಿಗೆ ಹಿಡಿದು ನೋಡಿದಳು. ಇಷ್ಟು ವರ್ಷದಲ್ಲಿ ಒಮ್ಮೆಯೂ ಅದರ ಹತ್ತಿರ ಮುಖ ತಂದವಳಲ್ಲ. ಈಗ ಮಾರ್ಕೆಟಿನಲ್ಲಿ ಮೀನಿನ ಕಿವಿರು ಬಿಡಿಸಿ ಮೂಸುವಂತೆ, ಒಂದೇ ಸಲ, ಗಟ್ಟಿಯಾಗಿ ಮೂಸಿದಳು.

"ಥೂ. ಮೊದ್ಲು ಆಸ್ಪತ್ರೆ ಸ್ಪಿರಿಟ್ಟು. ಅದರ ಹಿಂದೆ ಜುಮ್ಮನಕಾಯಿ, ಬಂಗಡೆ ಸಾರಿಗೆ ಹಾಕೂದಲ್ಲ, ಅದು ಹಸೀದು ಜಜ್ಜಿದ್ರೆ ಬತ್ತದಲ್ಲ, ಅದೇ. ಕಡೆಗೆ ಕಿತ್ತಳೆ ಸಿಪ್ಪೆ, ಒಣಗಿದ್ದು. ನಾ ಹಿಂಡಿದ ಲಿಂಬೆ ಬಿಟ್ರೆ ಇಷ್ಟೇ. ಇದಕ್ಕಾ ಇಷ್ಟು ವರ್ಷ ಹಾರಾಡಿದ್ರಿ?"

ಸುಬ್ಬ ಬೆರಳು ಮಡಚಿ ಎಣಿಸಿದ. ಸ್ಪಿರಿಟ್ಟು, ಜುಮ್ಮನಕಾಯಿ, ಒಣಗಿದ ಕಿತ್ತಳೆ ಸಿಪ್ಪೆ. ಒಂದೊಂದೂ ಸರಿ. ಅದೇ ಜಿನ್ನು, ಅದೇ ಕ್ರಮದಲ್ಲಿ. ಪಾರ್ಸಿ ವಕೀಲನೂ ಇಷ್ಟು ನೇರವಾಗಿ ಹೇಳಿರಲಿಲ್ಲ. ಮೂರು ವರ್ಷಗಳಿಂದ ಸುಬ್ಬ ಹುಡುಕುತ್ತಿದ್ದುದು ಈ ಮನೆಯಲ್ಲೇ ಇತ್ತು. ಒಂದು ದಿನವೂ ಅವಳನ್ನು ಕೇಳಿರಲಿಲ್ಲ.

"ಇನ್ನೊಂದ್ಸಲ ಮೂಸು," ಎಂದ.

"ಎಂತಕ್ಕೆ?"

"ನಂಗೆ ಬೇಕು."

ತಿಮ್ಮಕ್ಕ ಅವನ ಮುಖವನ್ನು ನೋಡಿದಳು. ಆಮೇಲೆ ಮೂಗು ಸೊಟ್ಟ ಮಾಡಿಕೊಂಡು, ಲೋಟವನ್ನು ಮತ್ತೆ ಎತ್ತಿದಳು.